ಸೊನ್ನಲಿಗೆಯ ಕೆರೆಯೂ ಊರಿನ ಸೇವೆಯೂ



ಜೀರ್ಣವಾದ ದೇವಾಲಯವನ್ನು ಉದ್ಧರಿಸುವುದು ಹೊಸ ದೇವಾಲಯವನ್ನು ಕಟ್ಟಿಸುವುದಕ್ಕಿಂತಲೂ ಮಿಗಿಲಾದ ಪುಣ್ಯಕಾರ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೊಸ ಗುಡಿಯನ್ನು ಧನಿಕನೊಬ್ಬನೇ ಕಟ್ಟಿಸಿಯಾನು. ಹಳೆಯ ಗುಡಿಯನ್ನು ಎತ್ತಿ ನಿಲ್ಲಿಸಲು ಊರೇ ಕೂಡಬೇಕು. ಊರು ಕೂಡುವುದೆಂದರೇನು? ವಂತಿಗೆಯನ್ನು, ಈ ಸೀಮೆಯ ರೂಢಿಯ ಮಾತಿನಲ್ಲಿ ಹೇಳುವುದಾದರೆ ವರ್ಗಣಿಯನ್ನು, ಕೊಟ್ಟು ಪಾವತಿಯನ್ನು ಪಡೆದ ಮಾತ್ರಕ್ಕೆ ಭಕ್ತನ ಋಣವು ತೀರಿತೇ? ಇದಕ್ಕೆ ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಸೊಲ್ಲಾಪುರದ ಶ್ರೀ ಸಿದ್ಧರಾಮೇಶ್ವರರ ಚರಿತ್ರೆಯಲ್ಲಿಯೇ ಅದು ಅಡಗಿದೆ.

ಹನ್ನೆರಡನೆಯ ಶತಮಾನದಲ್ಲಿ, ಆಗ ಸೊನ್ನಲಿಗೆಯೆಂದು ಕರೆಯಲ್ಪಡುತ್ತಿದ್ದ ಆ ಗ್ರಾಮದಲ್ಲಿ, ಮುದ್ದುಗೌಡ ಸುಗ್ಗಲದೇವಿಯರ ಉದರದಲ್ಲಿ ಸಿದ್ಧರಾಮನು ಜನಿಸಿದನು. ಬಾಲಕನು ಹೊಲದಲ್ಲಿದ್ದಾಗ ಜಂಗಮನೊಬ್ಬನು ಬಂದು ಹಸಿವೆಂದು ಬೇಡಿದನು. ಮನೆಗೆ ಓಡಿಹೋಗಿ ಬುತ್ತಿಯನ್ನು ತಂದು ನೋಡುವಷ್ಟರಲ್ಲಿ ಜಂಗಮನಿಲ್ಲ! ‘ಮಲ್ಲಯ್ಯಾ’ ಎಂದು ಕೂಗುತ್ತ ಆ ಹುಡುಗನು ಶ್ರೀಶೈಲದವರೆಗೂ ಹೋದನು. ಅಲ್ಲಿ ಅವನಿಗೆ ಮಲ್ಲಿಕಾರ್ಜುನನ ಸಾಕ್ಷಾತ್ಕಾರವಾಯಿತು. ರಾಘವಾಂಕ ಕವಿಯ ‘ಸಿದ್ಧರಾಮ ಚರಿತ್ರೆ’ಯು ಹಾಡಿ ಹೊಗಳಿದ ಕಥೆಯಿದು. ದೇವರ ದರ್ಶನವಾದ ಮೇಲೆ ಮತ್ತೇನು ಬೇಕು? ಬೆಟ್ಟದ ಮೇಲೆಯೇ ಉಳಿದುಬಿಡಬಹುದಾಗಿತ್ತು. ಆದರೆ ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡೆಂಬ ಅಪ್ಪಣೆಯನ್ನು ಹೊತ್ತು ಅವನು ಊರಿಗೆ ಮರಳಿದನು. ಗುಡಿಯನ್ನು ಕಟ್ಟಿಸಿದನು, ಊರ ಸುತ್ತಲೂ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು. ಅಷ್ಟಕ್ಕೇ ನಿಲ್ಲದೆ ಕೆರೆಯನ್ನೂ ತೋಡಿಸಿದನು. ಮಳೆ ಕೈಕೊಡುವ ಈ ಬಯಲುಸೀಮೆಯಲ್ಲಿ ನೀರಿಲ್ಲದ ಊರಿಗೆ ಗುಡಿಯೊಂದೇ ಸಾಲದೆಂಬುದನ್ನು ಆತನು ಬಲ್ಲವನಾಗಿದ್ದನು. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯನ್ನು ಕೆರೆಯ ನೀರು ಸುತ್ತುವರಿದಿರುವುದನ್ನು ಯಾತ್ರಿಕರು ಕಾಣುತ್ತಾರೆ.

ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮಪ್ರಭುದೇವರು ಅಲ್ಲಿಗೆ ಬಂದರು. ‘ಒಡ್ಡರಾಮನೆಲ್ಲಿ?’ ಎಂದು ಕೇಳಿದರು. ಕಲ್ಲು ಹೊರುವ ಒಡ್ಡನೆಂದು ತಮ್ಮ ಗುರುವನ್ನು ಕರೆದುದನ್ನು ಕೇಳಿ ಕೆಲಸಗಾರರು ಕೆರಳಿದರು. ಕೈಯಲ್ಲಿದ್ದ ಕಲ್ಲುಗಳನ್ನೇ ಎಸೆದರು. ಪ್ರಭುದೇವರಿಗೆ ಒಂದೂ ತಾಗಲಿಲ್ಲವೆಂದು ‘ಶೂನ್ಯಸಂಪಾದನೆ’ಯಲ್ಲಿದೆ.

ಈ ಪ್ರಸಂಗವನ್ನು ಓದಿದ ಕೆಲವರು, ಕೆರೆ ಗುಡಿಗಳ ಕೆಲಸವೇ ವ್ಯರ್ಥವೆಂದು ಪ್ರಭುದೇವರು ಸಾರಿದರೆಂದು ತಿಳಿಯುವುದುಂಟು. ಹೀಗೆ ತಿಳಿಯುವುದು ಸೋಮಾರಿಗಳಿಗೆ ಬಹಳ ಅನುಕೂಲವಾದುದು! ಪ್ರಭುದೇವರ ಬಾಣವು ಕೆರೆಗೆ ಗುರಿಯಿಟ್ಟುದಲ್ಲ. ‘ನಾನು ಕಟ್ಟಿಸಿದೆ’ ಎಂಬ ಒಳಗಿನ ಮಾತಿಗೆ ಗುರಿಯಿಟ್ಟುದು. ‘ಒಡ್ಡ’ ಎಂಬ ಶಬ್ದವು ಬೈಗಳಾಗಿ ಕೇಳಿಸಿದುದಾದರೂ ಏಕೆ? ಕಲ್ಲು ಹೊರುವವನ ಹೆಸರನ್ನು ಗುರುವಿಗೆ ಇಟ್ಟರೆ ಗುರುವಿಗೆ ಕುಂದೆಂದು, ಸ್ವತಃ ಕಲ್ಲು ಹೊರುತ್ತಿದ್ದವರೇ ಬಗೆದರಲ್ಲವೇ! ಸಿದ್ಧರಾಮನು ಪ್ರಭುವನ್ನು ಅರಿತು ಕಲ್ಯಾಣಕ್ಕೆ ಹೋಗಿ ಶರಣರಲ್ಲಿ ಒಬ್ಬನಾದನು. ಕೆರೆಯ ನೀರು ಮಾತ್ರ ಊರಿನವರದಾಗಿ ಊರಿನಲ್ಲಿಯೇ ಉಳಿಯಿತು.

ಇನ್ನು ಮಕರಸಂಕ್ರಾಂತಿಯ ಗಡ್ಡೆಯ ಜಾತ್ರೆಯನ್ನು ನೋಡಬೇಕು. ಏಳು ನಂದಿಧ್ವಜಗಳು ಬೇರೆ ಬೇರೆ ಸಮಾಜದವರ ಕೈಯಲ್ಲಿ ಹೊರಡುತ್ತವೆ. ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಸಾವಿರಾರು ಜನರು ಅಕ್ಷತೆಯನ್ನು ಹಾಕುವುದು ಯಾರ ಮದುವೆಗೆ? ಸಿದ್ಧರಾಮನ ಯೋಗದಂಡಕ್ಕೂ ಕುಂಬಾರರ ಕನ್ಯೆಯೊಬ್ಬಳಿಗೂ ನಡೆದ ಮದುವೆಗೆ. ಆ ಕನ್ಯೆಯು ದಿನವೂ ಸಿದ್ಧರಾಮನ ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ರಂಗವಲ್ಲಿಯನ್ನು ಹಾಕುತ್ತಿದ್ದಳೆಂದು ಐತಿಹ್ಯವು ಹೇಳುತ್ತದೆ. ಅಂದು ಹೊನ್ನು ಕೊಟ್ಟವರು ಯಾರೋ, ಎಷ್ಟು ಕೊಟ್ಟರೋ, ಜಾತ್ರೆಗೆ ಅದರ ನೆನಪಿಲ್ಲ. ಪೊರಕೆ ಹಿಡಿದವಳ ನೆನಪಿದೆ.

ಹೀಗಿರಲು, ಜೀರ್ಣೋದ್ಧಾರವಾದ ಊರುಗಳಲ್ಲಿ ನಡೆಯುವುದೇನು? ಸಾವಿರ ಕೊಟ್ಟವರ ಹೆಸರು ಗೋಡೆಯ ಕಲ್ಲಿನ ಮೇಲೆ ಏರುತ್ತದೆ. ಅದರಲ್ಲಿ ತಪ್ಪಿಲ್ಲ, ಕೊಟ್ಟವರನ್ನು ನೆನೆಯುವುದು ಧರ್ಮವೇ. ಆದರೆ ಸುಣ್ಣ ಕಲೆಸಲು ಕೊಡ ಹೊತ್ತು ನೀರು ತಂದ ಹೆಣ್ಣುಮಕ್ಕಳು, ಸ್ವಂತ ಚಕ್ಕಡಿಯನ್ನು ಹೂಡಿ ಬಾಡಿಗೆಯಿಲ್ಲದೆ ಮರಳು ಸಾಗಿಸಿದ ರೈತ, ಅರ್ಧ ದಿನದ ಕೂಲಿಯನ್ನು ದೇವರಿಗೆ ಬಿಟ್ಟ ಗೌಂಡಿ, ಇವರ ಲೆಕ್ಕವು ಯಾವ ಕಿರ್ದಿಯಲ್ಲಿಯೂ ಜಮೆಯಾಗುವುದಿಲ್ಲ. ಜಮೆಯ ಬದಿಯಲ್ಲಿ ಇಷ್ಟೊಂದು ಬಿಟ್ಟುಹೋದ ಮೇಲೆ ಆ ಲೆಕ್ಕವು ಕೂಡಿಬಂದರೂ ಸರಿಯಾದ ಲೆಕ್ಕವೆನಿಸೀತೇ? ಪಂಚರು ಮನಸ್ಸು ಮಾಡಿದರೆ ಹಣದ ಪಟ್ಟಿಯ ಕೆಳಗೆ ದುಡಿಮೆಯ ಪಟ್ಟಿಯೊಂದನ್ನೂ ಬರೆಸಬಹುದು. ಖರ್ಚು ನಾಲ್ಕು ಸಾಲಿನದು.

ಕಳಸಾರೋಹಣವಾಗಿ, ಹುಗ್ಗಿಯ ಹಂಡೆಗಳು ಬರಿದಾಗಿ, ನೆಂಟರು ಗಾಡಿ ಹತ್ತಿದ ಮರುದಿನ ಮುಂಜಾನೆ ಗುಡಿಯ ಅಂಗಳದ ತುಂಬ ಎಂಜಲೆಲೆಗಳು ಬಿದ್ದಿರುತ್ತವೆ. ಗುಡಿಯ ಹಿಂದಿನ ಬಾವಿಯಲ್ಲಿ ಹೂಳು ತುಂಬಿರುತ್ತದೆ. ನಂದಾದೀಪಕ್ಕೆ ಆ ದಿನದ ಎಣ್ಣೆ ಬೇಕಾಗಿರುತ್ತದೆ. ಆ ಹೊತ್ತಿಗೆ ಬರುವವರು ಯಾರೆಂಬುದನ್ನು ಊರಿನ ಹಿರಿಯರು ಈಗಲೇ ಕುಳಿತು ಗೊತ್ತುಮಾಡಿ, ವಾರಕ್ಕೊಂದು ಓಣಿಯಂತೆ ಸರದಿಯನ್ನು ಹಚ್ಚಿಕೊಡಲಿ.