ಕಪ್ಪು ಬೇಕೆಂದು ಹುಟ್ಟಿಸಿದ ಹಾವು

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವಿದೆ. ಕಿತ್ತಳೆ ಮೈ, ಕೆಂಪು ಮಚ್ಚೆ. ಕೆಂಪು ಮೂಡದೆ ಕಪ್ಪು-ಬೂದಾಗಿಯೇ ಉಳಿದ ಮರಿ ಫ್ಲಾರಿಡಾದ ಕಾಡಿನಲ್ಲೂ ಹುಟ್ಟುವುದುಂಟು. ಅದೇ ಬೇಕೆಂದು ಅಲ್ಲಿ ಮನೆಗಳಲ್ಲೇ ಹಾವು ಸಾಕಿ ಮರಿ ಮಾಡಿಸುತ್ತಾರೆ. ಆ ಗುಣವನ್ನು ಒಳಗೇ ಬಚ್ಚಿಟ್ಟುಕೊಂಡ ಎರಡು ಕೆಂಪು ಹಾವುಗಳು ಕೂಡಿದರೆ, ಸರಾಸರಿ 4 ಮರಿಗಳಲ್ಲಿ 1 ಮಾತ್ರ ಕಪ್ಪು.

ಕಪ್ಪನ್ನು ಮೆಚ್ಚುವುದು ತಪ್ಪೇ? ಖಂಡಿತ ಅಲ್ಲ. ಹೆಣ್ಣು ನೋಡಲು ಬಂದವರು ಬಣ್ಣ ಅಳೆಯುವುದನ್ನು ಕಂಡ ನಮಗೆ, ಕಪ್ಪಿಗೂ ಬೆಲೆಯುಂಟೆಂದು ಕೇಳಿದರೆ ಹಿತವೇ. ಆದರೆ ಅಳೆಯುವ ಕಣ್ಣು ಅದೇ ತಾನೆ? ಉಳಿದ 3 ಮರಿಗಳೂ ಮನುಷ್ಯ ಕರೆದದ್ದಕ್ಕೇ ಬಂದವು. ಚೆನ್ನಾಗಿ ಸಾಕಿದರೆ 20 ವರ್ಷವೂ ಬಾಳಬಲ್ಲವು. ಬಣ್ಣ ಆರಿಸುವವರು, ಆರಿಸದೆ ಬಿಟ್ಟವುಗಳ ಬದುಕಿನ ಹೊಣೆಯನ್ನೂ ಹೊರಬೇಕು.