ಯಾರು ಹೊಡೆದರು ಅಂತ ಕೇಳಿದಾಗ

ಸಪ್ತಾಪುರದಲ್ಲಿ ನಾನಿರುವ ಮನೆಯ ಕೆಳಗಿನ ರೂಮಿನಲ್ಲಿ ಮೂರು ಜನ ಹುಡುಗರಿದ್ದಾರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಯಾವುದು ಮೊದಲು ಸಿಗುತ್ತೋ ಅದು ಅನ್ನೋ ಲೆಕ್ಕದಲ್ಲಿ ಓದ್ತಿದ್ದಾರೆ. ಈ ಏರಿಯಾ ತುಂಬ ಇಂಥವರೇ. ಕೋಚಿಂಗ್ ಸೆಂಟರು, ಜೆರಾಕ್ಸ್ ಅಂಗಡಿ, ಮೆಸ್ಸು, ಮತ್ತೆ ಕೋಚಿಂಗ್ ಸೆಂಟರು. ಕೊರೊನಾ ಆದಮೇಲೆ ಬೆಂಗಳೂರು ಬಿಟ್ಟು ಇಲ್ಲಿಂದಲೇ ಕೆಲಸ ಮಾಡುತ್ತಿರುವ ನನಗೆ ಸಂಜೆ ಚಹಾಕ್ಕೆ ಅವರೇ ಜೊತೆ.

2023ರಲ್ಲಿ ಅವರಲ್ಲಿ ಒಬ್ಬ, ರೋಣದ ಕಡೆಯವನು, ಜಿಕೆ ಪುಸ್ತಕ ನನ್ನ ಕೈಗೆ ಕೊಟ್ಟು ಪ್ರಶ್ನೆ ಕೇಳ್ರಿ ಅಂದ. ಕೇಳ್ತಾ ಹೋದೆ. "2006ರ ಕೇಂದ್ರ ಸಾಹಿತ್ಯ ಅಕಾಡೆಮಿ?" ತಕ್ಷಣ ಬಂತು: "ಮಾರ್ಗ ನಾಲ್ಕು, ಎಂ.ಎಂ. ಕಲಬುರ್ಗಿ." ಸರಿ ಅಂದೆ. ಅವನು ಚಹಾ ಊದ್ತಾ ಕೇಳಿದ, "ಅವ್ರು ಧಾರವಾಡದವರಂತಲ್ರಿ ಅಣ್ಣಾ. ಈಗ ಎಲ್ಲಿರ್ತಾರ?"

2015ರಲ್ಲಿ ಆ ಹುಡುಗ ಆರನೇ ಕ್ಲಾಸಿನಲ್ಲಿದ್ದ. ಅವನ ತಪ್ಪೇನಿಲ್ಲ. ಆದರೆ ನಾವು ಕುಂತಿದ್ದ ಜಾಗದಿಂದ ಕಲ್ಯಾಣ ನಗರ ನಡಕೊಂಡು ಹೋಗುವಷ್ಟು ದೂರ. ಅಲ್ಲಿ, 2015ರ ಆಗಸ್ಟ್ 30ರ ಭಾನುವಾರ, ಬೆಳಗ್ಗೆ ಒಂಬತ್ತರ ಒಳಗೆ, ಬೈಕಿನ ಮೇಲೆ ಬಂದವರು 76 ವರ್ಷದ ಆ ವಿದ್ವಾಂಸರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಊರಿಗೆಲ್ಲ ಗೊತ್ತಿದ್ದವರು. ಎಂಟೇ ವರ್ಷದಲ್ಲಿ ಪ್ರಶಸ್ತಿಯ ಇಸವಿ ಉಳಿದಿದೆ, ಕೊಲೆ ಅಳಿಸಿಹೋಗಿದೆ. ಯಾಕಂದ್ರೆ ಒಂದು ಪರೀಕ್ಷೆಗೆ ಬರ್ತದೆ, ಇನ್ನೊಂದು ಬರೋದಿಲ್ಲ.

ಹೇಳಿದೆ. ಹುಡುಗ ಕಪ್ಪು ಕೆಳಗಿಟ್ಟ. ಆಮೇಲೆ ಯಾರಾದರೂ ಕೇಳಬಹುದಾದ ಪ್ರಶ್ನೆಯನ್ನೇ ಕೇಳಿದ: "ಯಾರ್ರಿ ಹೊಡದವ್ರು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಯಾಕೆ ನುಂಗಿದೆ ಅನ್ನೋದಕ್ಕೆ ನನ್ನದೇ ಒಂದು ಹಳೇ ಕಥೆ ಇದೆ. ಅದನ್ನು ಮೊದಲು ಹೇಳಿಬಿಡ್ತೀನಿ.

ನಮ್ಮೂರು ನವಲಗುಂದ ತಾಲೂಕಿನ ಒಂದು ಹಳ್ಳಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮಲಪ್ರಭಾ ಕಾಲುವೆಯ ದಂಡೆ ಮೇಲೆ ಒಬ್ಬ ಸತ್ತು ಬಿದ್ದಿದ್ದ. ತಲೆಗೆ ಪೆಟ್ಟಾಗಿತ್ತು. ಅರಳೆ ಗೋಡೌನಿನ ರಾತ್ರಿ ಕಾವಲುಗಾರ ಆತ. ಪೊಲೀಸರು ಬಂದರು, ಹೋದರು. ಪರವೂರಿನಿಂದ ಬಂದಿದ್ದ ಒಬ್ಬ ಟ್ರ್ಯಾಕ್ಟರ್ ಡ್ರೈವರನ್ನು ಎರಡು ದಿನ ಕೂಡಿಸಿಕೊಂಡು ಬಿಟ್ಟು ಕಳಿಸಿದರು. ಜಾತ್ರೆಯಲ್ಲಿ ಇಬ್ಬರಿಗೂ ಬಾಯಿ ಜಗಳ ಆಗಿತ್ತು, ಅಷ್ಟೇ ಗೊತ್ತಿದ್ದದ್ದು. ಪೊಲೀಸರು ಬಿಟ್ಟರು, ಊರು ಬಿಡಲಿಲ್ಲ. ಅವನ ಮಗ ನನ್ನ ಬೆಂಚಿನವನು. ಅವ್ವ ಹೇಳಿದಳು ಅಂತ ನಾನು ಬೆಂಚು ಬದಲಿಸಿದೆ. ಮುಂದಿನ ಮುಂಗಾರಿನ ಹೊತ್ತಿಗೆ ಆ ಮನೆಗೆ ಕೀಲಿ ಬಿದ್ದಿತ್ತು.

ಇದನ್ನು 2014ರಲ್ಲಿ ಫೇಸ್‌ಬುಕ್‌ನಲ್ಲಿ ಬರೆದೆ. ಆಗ ಬೆಂಗಳೂರಲ್ಲಿ ಮೂರು ವರ್ಷದ ಎಕ್ಸ್‌ಪೀರಿಯನ್ಸು, ಕೈಯಲ್ಲಿ ಹೊಸ ಸ್ಮಾರ್ಟ್‌ಫೋನು, ಬರೆಯೋ ಹುಮ್ಮಸ್ಸು. ಬಗೆಹರಿಯದ ಕೊಲೆ, ಯಾರೂ ಕೇಳೋರಿಲ್ಲ, ನಾನಾದರೂ ನೆನಪಿಡ್ತೀನಿ ಅನ್ನೋ ಧಾಟಿ. ಊರಿನ ಹೆಸರು ಹಾಕಿದೆ, ಡ್ರೈವರನ ಅಡ್ಡಹೆಸರು ಹಾಕಿದೆ. 'ಊರಿಗೆಲ್ಲ ಗೊತ್ತಿತ್ತು' ಅಂತ ಒಂದು ಸಾಲು ಬರೆದೆ. ಬಹಳ ಮಂದಿ ಶೇರ್ ಮಾಡಿದರು. ನಾಲ್ಕನೇ ದಿನ ಇನ್‌ಬಾಕ್ಸಿಗೆ ಒಂದು ಮೆಸೇಜು ಬಂತು.

"ನಾನು ನಿನ್ನ ಬೆಂಚಿನ್ಯಾಗ ಕುಂತಾಂವ. ಅಪ್ಪ ತೀರಿ ಆರು ವರ್ಷ ಆತು. ನನ್ನ ಮಗಳಿಗೆ ಈಗ ಓದಾಕ ಬರ್ತೈತಿ."

ಬೈಗುಳ ಇರಲಿಲ್ಲ. ಡಿಲೀಟ್ ಮಾಡು ಅಂತಲೂ ಇರಲಿಲ್ಲ. ಡಿಲೀಟ್ ಮಾಡಿದೆ, ಆದರೆ ಅಷ್ಟೊತ್ತಿಗೆ ಸ್ಕ್ರೀನ್‌ಶಾಟು ವಾಟ್ಸಾಪಿನಲ್ಲಿ ನಮ್ಮೂರ ತನಕ ಹೋಗಿ ವಾಪಸ್ ಬಂದಿತ್ತು. ನನ್ನನ್ನು ಇನ್ನೂ ಚುಚ್ಚೋದು ಮತ್ತೊಂದು ವಿಷಯ. ಆ ಪೋಸ್ಟ್ ಬರೆಯುವಾಗ ಕಾವಲುಗಾರನ ಹೆಸರು ನನಗೆ ನೆನಪಿರಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿಕೊಂಡೆ. ಡ್ರೈವರನ ಹೆಸರು ಮಾತ್ರ ಯಾರನ್ನೂ ಕೇಳಬೇಕಾಗಲಿಲ್ಲ. ಸತ್ತವನ ನೆನಪಿಗಾಗಿ ಬರೀತೀನಿ ಅಂದುಕೊಂಡವನು ನೆನಪಿಟ್ಟಿದ್ದು ಇನ್ನೊಬ್ಬನನ್ನು.

ಇದು ನನ್ನೊಬ್ಬನ ಚಾಳಿ ಅಲ್ಲ ಅಂತ ಆಮೇಲೆ ಕಂಡುಕೊಂಡೆ. ಕೊನೆ ಇಲ್ಲದ ಕಥೆಯನ್ನು ನಮ್ಮ ಮನಸ್ಸು ಹೊತ್ತುಕೊಂಡು ತಿರುಗೋದಿಲ್ಲ. ಅದನ್ನು ಮರೀತದೆ, ಇಲ್ಲಾಂದ್ರೆ ತಾನೇ ಒಂದು ಕೊನೆ ಕಟ್ಟಿಕೊಳ್ತದೆ. ಕಟ್ಟಿಕೊಳ್ಳೋಕೆ ಸುಲಭವಾಗಿ ಸಿಗೋನು ಪರವೂರವನು, ಬಡವ, ಜಗಳಗಂಟ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈನಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ದರು, ವಾಟ್ಸಾಪಿನಲ್ಲಿ ಸುದ್ದಿ ಓಡಿತು. ಆಗದೇ ಇದ್ದ ಅಪರಾಧಕ್ಕೂ ನಾವು ಅಪರಾಧಿ ಹುಡುಕಬಲ್ಲೆವು.

ಸಪ್ತಾಪುರದ್ದೇ ಒಂದು ಉದಾಹರಣೆ ಇದೆ. 2016ರ ಜೂನ್ 15ರ ಬೆಳಗ್ಗೆ ಇಲ್ಲಿಯ ಒಂದು ಜಿಮ್ಮಿನಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯ ಯೋಗೇಶಗೌಡ ಗೌಡರ ಅವರ ಕೊಲೆಯಾಯಿತು. ಸ್ಥಳೀಯ ಪೊಲೀಸರು ಕೆಲವರನ್ನು ಹಿಡಿದು ಆರೋಪಪಟ್ಟಿ ಹಾಕಿದರು. ಮನೆಯವರು ಒಪ್ಪಲಿಲ್ಲ, ಸಿಬಿಐ ಬೇಕು ಅಂತ ಪಟ್ಟು ಹಿಡಿದರು. 2019ರ ಸೆಪ್ಟೆಂಬರಿನಲ್ಲಿ ಕೇಸು ಸಿಬಿಐಗೆ ಹೋಯಿತು. ಮೊದಲಿನ ಪಟ್ಟಿಯಲ್ಲಿ ಇಲ್ಲದೇ ಇದ್ದ ಹೆಸರುಗಳು ಆಮೇಲೆ ಬಂದವು, ದೊಡ್ಡ ಹೆಸರುಗಳೂ ಬಂದವು. 2023ರಲ್ಲೂ ಕೇಸು ಕೋರ್ಟಿನಲ್ಲೇ ಇತ್ತು. 2017ರಲ್ಲಿ ಯಾರಾದರೂ ಈ ಕೊಲೆಯ ಬಗ್ಗೆ 'ಪೂರ್ತಿ ಸತ್ಯ' ಅಂತ ವಿಡಿಯೊ ಮಾಡಿದ್ದರೆ, ಮೂರು ವರ್ಷದಲ್ಲಿ ಅದು ಹಳಸಿಹೋಗ್ತಿತ್ತು. ಹಳಸಿದ್ದು ಅಂತ ನೋಡೋರಿಗೆ ಗೊತ್ತಾಗೋದು ಹೇಗೆ?

ಕಲಬುರ್ಗಿಯವರ ವಿಷಯದಲ್ಲೂ ಮೊದಲ ವಾರಗಳು ನೆನಪಿವೆ. ನಾನಿದ್ದದ್ದು ಬೆಂಗಳೂರಲ್ಲಿ, ಫೋನು ಮಾತ್ರ ಧಾರವಾಡದ್ದು. ಒಂದೊಂದು ಬಾಯಲ್ಲಿ ಒಂದೊಂದು ಕಾರಣ. ದುಃಖದಲ್ಲಿದ್ದ ಮನೆಯನ್ನೂ ಜನ ಬಿಡಲಿಲ್ಲ. ಆಮೇಲೆ 2017ರ ಸೆಪ್ಟೆಂಬರ್ 5ಕ್ಕೆ ಗೌರಿ ಲಂಕೇಶ್ ಹತ್ಯೆಯಾಯಿತು. ಅಲ್ಲಿ ಬಳಸಿದ ಪಿಸ್ತೂಲೇ ಕಲ್ಯಾಣ ನಗರದಲ್ಲೂ ಬಳಕೆಯಾಗಿತ್ತು ಅಂತ ವಿಧಿವಿಜ್ಞಾನ ವರದಿ ಹೇಳಿತು. ಮೊದಲ ವಾರಗಳ ಚಹಾದಂಗಡಿ ತೀರ್ಪುಗಳನ್ನು ಯಾರೂ ವಾಪಸ್ ತಗೊಳ್ಳಲಿಲ್ಲ. ಹೇಳಿದವರು ಅಂಗಡಿಯ ಬಿಲ್ ಕೊಟ್ಟು ಎದ್ದು ಹೋದರು, ಅಷ್ಟೇ.

ಈ ಕೇಸು ಮುಂದೆ ಹೋಗಿದ್ದು ಬೇರೆಯೇ ರೀತಿಯಲ್ಲಿ. ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದರು. ಗೌರಿ ಹತ್ಯೆಯ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ತಂಡವೇ ಇದನ್ನೂ ನೋಡಲಿ, ಹೈಕೋರ್ಟಿನ ಧಾರವಾಡ ಪೀಠ ಉಸ್ತುವಾರಿ ಮಾಡಲಿ ಅಂತ 2019ರ ಫೆಬ್ರುವರಿಯಲ್ಲಿ ಆದೇಶವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಆರು ಜನರ ಮೇಲೆ ಆರೋಪಪಟ್ಟಿ ಬಂತು. ಕೊಲೆಯಾದಾಗಿನಿಂದ ನಾಲ್ಕು ವರ್ಷ. ಒಂದು ಅರ್ಜಿ, ಅದರ ಹಿಂದೆ ತಾರೀಖು, ಅದರ ಹಿಂದೆ ಮತ್ತೊಂದು ತಾರೀಖು. ಇದರಲ್ಲಿ ಥ್ರಿಲ್ಲರ್ ಅನ್ನಿಸೋವಂಥದ್ದು ಏನೂ ಇಲ್ಲ. ಪಾಡ್‌ಕಾಸ್ಟ್ ಮಾಡಿದರೆ ಹತ್ತು ನಿಮಿಷಕ್ಕೆ ಜನ ಸ್ಕಿಪ್ ಮಾಡ್ತಾರೆ.

ಇನ್ನೊಂದು ಕೇಸಿನ ಬಗ್ಗೆ ಈಗ ಎಲ್ಲರೂ ಮಾತಾಡ್ತಿದ್ದಾರೆ. 2012ರ ಅಕ್ಟೋಬರಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಪಿಯುಸಿ ವಿದ್ಯಾರ್ಥಿನಿಯ ಕೇಸು. ಆಗ ಹಿಡಿದುಕೊಟ್ಟವನನ್ನು 2023ರ ಜೂನ್ 16ರಂದು ಬೆಂಗಳೂರಿನ ಸಿಬಿಐ ವಿಶೇಷ ಕೋರ್ಟು ಖುಲಾಸೆ ಮಾಡಿತು. ಹತ್ತೂವರೆ ವರ್ಷಕ್ಕೂ ಮೇಲೆ ಆ ಹಣೆಪಟ್ಟಿ ಹೊತ್ತಿದ್ದ. ಹಾಗಾದ್ರೆ ಕೊಂದವರು ಯಾರು ಅನ್ನೋ ಪ್ರಶ್ನೆ ಈಗ ಮೊದಲಿಗಿಂತ ದೊಡ್ಡದಾಗಿದೆ, ಆಗಲೇಬೇಕು. ಆದರೆ ಅಂದು ಅವನೇ ಅಂತ ಎಷ್ಟು ಖಾತ್ರಿಯಿಂದ ಹೇಳಿದರೋ ಇಂದು ಅಷ್ಟೇ ಖಾತ್ರಿಯಿಂದ ಬೇರೆ ಬೇರೆ ಹೆಸರು ಹೇಳೋದನ್ನು ಮೊಬೈಲಿನಲ್ಲಿ ನೋಡ್ತಿದ್ದೀನಿ. ಆ ದಶಕದಿಂದ ನಾವು ಕಲಿತದ್ದು ಹೆಸರು ತಪ್ಪಿತು ಅಂತ ಮಾತ್ರವೋ, ಖಾತ್ರಿಯೇ ತಪ್ಪು ಅಂತಲೋ?

ಆ ಹುಡುಗಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಕಾನೂನು ಹಾಗಿದೆ. 2024ರ ತನಕ ಐಪಿಸಿ 228ಎ ಇತ್ತು, ಸತ್ತವರ ಹೆಸರನ್ನೂ ಬಹಿರಂಗ ಮಾಡಬಾರದು ಅಂತ ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಹೇಳಿದೆ. ಆದರೆ ನನಗೆ ಇದು ಪೂರ್ತಿ ಸಮಾಧಾನ ಅಲ್ಲ. ಹೆತ್ತ ತಾಯಿ ವೇದಿಕೆ ಮೇಲೆ ಆ ಹೆಸರನ್ನೇ ಕೂಗಿ ನ್ಯಾಯ ಕೇಳ್ತಿದ್ದಾರೆ. ಆ ಹೆಸರಿಲ್ಲದಿದ್ದರೆ ಕೇಸು ಇಷ್ಟೊತ್ತಿಗೆ ಒಂದು ಫೈಲ್ ನಂಬರ್ ಆಗಿರ್ತಿತ್ತು. ತಾಯಿಗೆ ಇರುವ ಹಕ್ಕು ನನಗಿಲ್ಲ ಅಂತಷ್ಟೇ ಹೇಳಬಲ್ಲೆ. ಅವರು ಹೇಳಿದಾಗ ಅದು ಕರುಳಿನ ಮಾತು. ನಾನು ಹೇಳಿದರೆ ವ್ಯೂಸ್.

ಇದನ್ನೆಲ್ಲ ಗೆಳೆಯನೊಬ್ಬನ ಮುಂದೆ ಹೇಳಿದಾಗ ಅವನು ಸಿಟ್ಟಾದ. "ಹೆಸರು ಹೇಳಬ್ಯಾಡ, ಹೆಸರು ಹೇಳಬ್ಯಾಡ ಅಂದ್ರ ಅನುಕೂಲ ಯಾರಿಗಪ್ಪಾ? ದೊಡ್ಡವ್ರಿಗೆ. ನಿಮ್ಮೂರ ಡ್ರೈವರನ ಹೆಸರು ಹೇಳಾಕ ಯಾರೂ ಹಿಂದ ಮುಂದ ನೋಡ್ಲಿಲ್ಲ. ಗೌಡ್ರ ಹೆಸರು ಬಂದಿದ್ರ ನೀನೂ ಸುಮ್ನಿರ್ತಿದ್ದಿ." ಮಾತಿನಲ್ಲಿ ಸತ್ಯ ಇದೆ. ಎಚ್ಚರ ಅನ್ನೋದು ಹೆದರಿಕೆಯ ಮರ್ಯಾದಸ್ಥ ಹೆಸರೂ ಆಗಬಹುದು. ನನ್ನೊಳಗೆ ಎರಡೂ ಇವೆ, ಯಾವುದು ಎಷ್ಟು ಅಂತ ತೂಗಿ ಹೇಳಲಾರೆ. ಆದರೆ ಆರೋಪಪಟ್ಟಿಯಲ್ಲಿ ಇದ್ದ ಹೆಸರನ್ನು 'ಆರೋಪಿ' ಅಂತ, ಯಾವ ದಿನ ಯಾರು ಹಾಕಿದ ಪಟ್ಟಿ ಅಂತ ಹೇಳಿ ಬರೆಯೋದಕ್ಕೆ ಅಡ್ಡಿ ಏನು? ದೊಡ್ಡವರಾದರೂ, ಸಣ್ಣವರಾದರೂ. ನಮ್ಮೂರ ಡ್ರೈವರನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಒತ್ತಡ ಹಾಕಲೇಬೇಕು ಅಂದ್ರೆ ಬೇರೆ ಪ್ರಶ್ನೆಗಳಿವೆ. ಸಾಕ್ಷಿಗಳ ವಿಚಾರಣೆ ಎಲ್ಲಿಗೆ ಬಂತು? ಮೊದಲ ದಿನದ ಸಾಕ್ಷ್ಯ ಹಾಳು ಮಾಡಿದ್ದು ಯಾರು? ಸರ್ಕಾರಿ ವಕೀಲರು ಎಷ್ಟು ಸಲ ಬದಲಾದರು? ಇವಕ್ಕೆ ಉತ್ತರ ಕೊಡಬೇಕಾದವರಿಗೆ ಕುರ್ಚಿ ಇದೆ, ಹುದ್ದೆ ಇದೆ, ಸಂಬಳ ಇದೆ.

ನಮ್ಮ ಕೆಲಸದಲ್ಲಿ ಒಂದು ಬಗ್ ಸಿಕ್ಕಿ ಕಾರಣ ಗೊತ್ತಾಗದಿದ್ದರೆ ಟಿಕೆಟ್ ಓಪನ್ ಇರ್ತದೆ. ಯಾವಾಗ ಕಂಡಿತು, ಏನು ನೋಡಿದೆವು, ಯಾವ ಊಹೆ ತಪ್ಪಾಯಿತು ಎಲ್ಲಾ ಅದರ ಕೆಳಗೆ ಸೇರ್ತಾ ಹೋಗ್ತದೆ, ಹಳೇದನ್ನು ಅಳಿಸೋ ಹಾಗಿಲ್ಲ. ಮ್ಯಾನೇಜರ್ ಒತ್ತಡಕ್ಕೆ ಯಾವುದೋ ಒಂದು ಕಾರಣ ಬರೆದು ಕ್ಲೋಸ್ ಮಾಡಿದೆವೋ, ಆರು ತಿಂಗಳಿಗೆ ಅದೇ ಬಗ್ಗು ಪ್ರೊಡಕ್ಷನ್ನಿನಲ್ಲಿ ಎದ್ದು ನಿಲ್ತದೆ. ಮನುಷ್ಯನ ಸಾವನ್ನು ಬಗ್ಗಿಗೆ ಹೋಲಿಸೋದು ಸರಿ ಕಾಣಲಿಕ್ಕಿಲ್ಲ, ಕ್ಷಮಿಸಿ.

ಕಲಬುರ್ಗಿಯವರ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ರೀತಿ ಇತ್ತು. 'ಶಾಸನಗಳಲ್ಲಿ ಶಿವಶರಣರು' ಬರೆದವರು ಅವರು, ಕಲ್ಲಿನ ಮೇಲಿನ ಅಕ್ಷರಗಳ ಜೊತೆ ಆಯುಷ್ಯ ಕಳೆದವರು. ಅಚ್ಚಾದ ಶಾಸನ ಸಂಪುಟ ಯಾವುದನ್ನಾದರೂ ತೆಗೆದು ನೋಡಿ. ಕಲ್ಲು ಸವೆದು ಅಕ್ಷರ ಕಾಣದ ಕಡೆ ಚುಕ್ಕಿಗಳಿರ್ತವೆ, ಇಲ್ಲವೇ 'ತ್ರುಟಿತ' ಅಂತ ಇರ್ತದೆ. ಓದುವವರಿಗೆ ಅಲ್ಲಿ ಏನಿದ್ದಿರಬಹುದು ಅಂತ ಊಹೆ ಇರೋದಿಲ್ಲ ಅಂತಲ್ಲ. ಊಹೆ ಇದ್ದರೆ ಅದನ್ನು ಕಂಸದೊಳಗೆ ಹಾಕ್ತಾರೆ, ಕಲ್ಲಿನ ಮಾತಿನ ಜೊತೆ ಬೆರೆಸೋದಿಲ್ಲ. ಹಳ್ಳಿಗಳಲ್ಲಿ ಗುಡಿ ಮುಂದೆ ನಿಂತಿರುವ ವೀರಗಲ್ಲುಗಳಲ್ಲೂ ತುರು ಕಾಯ್ದು ಸತ್ತವನು ಮುಖ್ಯ. ದನ ಹೊಡಕೊಂಡು ಹೋದವರ ಹೆಸರು ಎಷ್ಟೋ ಸಲ ಇರೋದೇ ಇಲ್ಲ.

ನಮ್ಮೂರ ಕಾವಲುಗಾರನ ಬಗ್ಗೆ ಈಗ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀನಿ. ಅವನ ಹೆಸರು, ವಯಸ್ಸು, ಗೋಡೌನು, ಕಾಲುವೆಯ ಯಾವ ಕಡೆ. ರಾತ್ರಿ ಹನ್ನೊಂದಕ್ಕೆ ಸೀಟಿ ಹೊಡೀತಿದ್ದ ಅಂತ ಅವ್ವ ನೆನಪಿಸಿಕೊಂಡಳು, ಅದನ್ನೂ ಬರೆದೆ. ಹೊಡೆದವರು ಅನ್ನೋ ಕಡೆ ಚುಕ್ಕಿ ಇಟ್ಟಿದ್ದೀನಿ. ಬೆಂಚಿನ ಗೆಳೆಯನಿಗೆ ಅದರ ಫೋಟೊ ಕಳಿಸಿದೆ. ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ.

ರೋಣದ ಹುಡುಗನಿಗೆ ಅವತ್ತು ಹೇಳಿದ್ದು ಇಷ್ಟೇ: "ಆರು ಮಂದಿ ಮ್ಯಾಲ ಕೇಸ್ ಐತಿ. ಕೋರ್ಟ್ ಇನ್ನೂ ಹೇಳಿಲ್ಲ."

"ಎಂಟು ವರ್ಷ ಆತಲ್ರಿ?"

"ಹೌದು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ತಾರೀಖು ಯಾವಾಗ ಐತ್ರಿ?" ಅಂದ. ನನಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಬರೆಯುವ ನನಗೆ. ಇಬ್ಬರೂ ಮೊಬೈಲಿನಲ್ಲಿ ಇ-ಕೋರ್ಟ್ಸ್ ತೆರೆದು ಕುಂತ್ವಿ. ಕ್ಯಾಪ್ಚಾ ಎರಡು ಸಲ ತಪ್ಪಾತು. "ತಡೀರಿ ಅಣ್ಣಾ, ನಾ ಹಾಕ್ತೇನಿ" ಅಂತ ಅವನು ನನ್ನ ಕೈಯಿಂದ ಫೋನು ತಗೊಂಡ.