ಸೂರ್ಯನಿಗಾಗಿ ಹಾಕಿದ ಲೆಕ್ಕ

ಐವತ್ತರ ದಶಕದ ರೇಡಿಯೊ ಆಂಟೆನಾ ಸಾಲುಗಳಿಗೆ ಸೂರ್ಯನ ಮೇಲಿನ ಒಂದು ಚುಕ್ಕೆಯನ್ನು ಬೇರ್ಪಡಿಸಿ ನೋಡಲು ಬರುತ್ತಿರಲಿಲ್ಲ. ಅವಕ್ಕೆ ದಕ್ಕುತ್ತಿದ್ದುದು ಉದ್ದನೆಯ, ಕಿರಿದಾದ ಒಂದು ಪಟ್ಟಿ. ಆ ಪಟ್ಟಿಯಿಂದ ಬಂದ ತರಂಗಗಳ ಒಟ್ಟು ಮೊತ್ತ. ಎಲ್ಲಿ ಪ್ರಖರ, ಎಲ್ಲಿ ಮಂಕು ಎಂಬುದೆಲ್ಲ ಆ ಮೊತ್ತದಲ್ಲಿ ಕರಗಿಹೋಗಿರುತ್ತಿತ್ತು. ಆದರೆ ಭೂಮಿ ತಿರುಗುತ್ತದಲ್ಲ! ಹೊತ್ತು ಕಳೆದಂತೆ ಪಟ್ಟಿಯ ಓರೆ ಬದಲಾಗುತ್ತದೆ. ಹಲವು ಓರೆಗಳ ಮೊತ್ತವಷ್ಟೇ ಕೈಯಲ್ಲಿದ್ದರೆ ಸೂರ್ಯನ ಮುಖವನ್ನು ಮರಳಿ ಬರೆಯಲು ಆದೀತೇ? ಆಗುತ್ತದೆ ಎಂದು ಆಸ್ಟ್ರೇಲಿಯಾ ಮೂಲದ ರೊನಾಲ್ಡ್ ಬ್ರೇಸ್‌ವೆಲ್ 1956ರ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ಪತ್ರಿಕೆಯ ಪುರವಣಿಯಲ್ಲಿ ಬರುವ ಸಂಖ್ಯಾಚೌಕ ಹೀಗೇ ಅಲ್ಲವೇ? ಸಾಲುಗಳ ಮೊತ್ತ ಕೊಟ್ಟಿರುತ್ತಾರೆ, ಮನೆಗಳನ್ನು ನಾವು ತುಂಬಬೇಕು.

ಈಗ ಸೂರ್ಯನ ಜಾಗದಲ್ಲಿ ಮನುಷ್ಯನ ತಲೆಯನ್ನಿಡಿ. ಅದನ್ನು ಹಾದುಬರುವ ಎಕ್ಸ್‌ರೇ ಕಿರಣವೂ ಹೇಳುವುದು ಒಂದೇ ಒಂದು ಮೊತ್ತ, ದಾರಿಯುದ್ದಕ್ಕೂ ತಾನು ಕಳೆದುಕೊಂಡದ್ದರ ಮೊತ್ತ. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಸಿ.ಟಿ. ಯಂತ್ರ ಚಿತ್ರಿಸಿದ್ದು ಇಂಥ ಮೊತ್ತಗಳಿಂದಲೇ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್, ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಸೇರಿ, ಇಂಥ ಮೊತ್ತಗಳಿಂದ ಚಿತ್ರವನ್ನು ಮರಳಿ ಕಟ್ಟುವ ಬಗೆಯ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿ ಸಿ. ವಿ. ರಾಮನ್ ಅವರ ಬಳಿ ವಜ್ರದ ಹರಳುಗಳನ್ನು ಎಕ್ಸ್‌ರೇಯಲ್ಲಿ ಶೋಧಿಸಿದವರು, ಮುಂದೆ ಮದರಾಸಿನಲ್ಲಿ ನಮ್ಮ ಚರ್ಮ, ಮೂಳೆಗಳ ಕೊಲ್ಲಾಜೆನ್‌ನಲ್ಲಿ ಮೂರೆಳೆಯ ಹುರಿಯನ್ನು ಕಂಡವರು ರಾಮಚಂದ್ರನ್.

ಆ ಪ್ರಬಂಧದ ಒಂದು ವಿವರದ ಬಳಿ ನಾನು ಪ್ರತಿ ಸಲವೂ ನಿಂತುಬಿಡುತ್ತೇನೆ. ಪ್ರತಿ ಮೊತ್ತವನ್ನು ಅದರ ಗೆರೆಯುದ್ದಕ್ಕೂ ಹಾಗೆಯೇ ಹರಡಿದರೆ ಚಿತ್ರ ಮಸುಕಾಗುತ್ತದೆ. ಹರಡುವ ಮುನ್ನ ಅಕ್ಕಪಕ್ಕದ ಅಳತೆಗಳ ತಕ್ಕ ಪಾಲನ್ನು ಕಳೆಯಬೇಕು. ಮೊದಲ ನೆರೆಗೆ ಒಂದು ಪಾಲು, ಎರಡನೆಯದಕ್ಕೆ ಏನೂ ಇಲ್ಲ, ಮೂರನೆಯದಕ್ಕೆ ಮೊದಲಿನದರ ಒಂಬತ್ತರಲ್ಲೊಂದು, ನಾಲ್ಕನೆಯದಕ್ಕೆ ಮತ್ತೆ ಸೊನ್ನೆ, ಐದನೆಯದಕ್ಕೆ ಇಪ್ಪತ್ತೈದರಲ್ಲೊಂದು. ಇಷ್ಟು ಸರಳ ಕೂಡು-ಕಳೆಯಿಂದ ಮಂಜು ಸರಿದು ಮಿದುಳಿನ ಮಡಿಕೆಗಳು ಕಾಣುತ್ತವೆ! ಇಬ್ಬರ ಹೆಸರಿನ ತುಣುಕು ಹೊತ್ತ ‘ರಾಮ್-ಲಾಕ್’ ಶೋಧಕವನ್ನು ಸಿ.ಟಿ. ತಂತ್ರ ಕಲಿಯುವವರು ಇಂದಿಗೂ ಮೊದಲ ಪಾಠಗಳಲ್ಲೇ ಕಾಣುತ್ತಾರೆ. ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ರೇಡಿಯೊ ಆಕಾಶಕ್ಕಾಗಿ ಇದೇ ಬಗೆಯ ದಾರಿ ಹಿಡಿದಿದ್ದರು. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅಲ್ಲಿಗೆ ಸ್ವತಂತ್ರವಾಗಿ ತಲುಪಿದರು. ಇವರೆಲ್ಲರಿಗಿಂತ ಬಹಳ ಮೊದಲು, 1917ರಲ್ಲೇ, ಯೋಹಾನ್ ರಾಡೋನ್ ಎಂಬ ಆಸ್ಟ್ರಿಯಾದ ಗಣಿತಜ್ಞ ಶುದ್ಧ ಗಣಿತವಾಗಿಯೇ ಇದನ್ನು ಬಿಡಿಸಿಟ್ಟಿದ್ದ.

ಬ್ರೇಸ್‌ವೆಲ್ ಮತ್ತು ರಾಮಚಂದ್ರನ್ ಇಬ್ಬರೂ ನಲವತ್ತರ ದಶಕದ ಕೊನೆಯಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿದ್ದವರು. ಒಬ್ಬರು ವಾತಾವರಣದ ಮೇಲ್ಪದರದಲ್ಲಿ ರೇಡಿಯೊ ಅಲೆಗಳ ಜಾಡು ಹಿಡಿದಿದ್ದರು, ಇನ್ನೊಬ್ಬರು ಹರಳುಗಳ ಬಾಗು-ಬಿಗುವನ್ನು ಅಳೆಯುತ್ತಿದ್ದರು. ಆಗ ಇಬ್ಬರ ಮುಂದೆಯೂ ಆಸ್ಪತ್ರೆ ಇರಲಿಲ್ಲ.

ಬೆಂಗಳೂರಿನ ಪ್ರಬಂಧ ಎಕ್ಸ್‌ರೇ ಚಿತ್ರಗಳ ಜೊತೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನೂ ಹೆಸರಿಸಿತ್ತು. 2017ರಲ್ಲಿ ಅಮೆರಿಕದ ವಿಜ್ಞಾನಿಗಳು, ಅವರದೇ ಬೇರೊಂದು ಲೆಕ್ಕವಿಧಾನದಿಂದ, ಕಬ್ಬಿಣ-ಪ್ಲಾಟಿನಂನ ಒಂದು ನ್ಯಾನೋಕಣವನ್ನು ಅಂಥ ಸೂಕ್ಷ್ಮದರ್ಶಕದಲ್ಲೇ ಹಲವು ಓರೆಗಳಲ್ಲಿ ಚಿತ್ರಿಸಿ, ಒಳಗಿದ್ದ 6,569 ಕಬ್ಬಿಣದ ಮತ್ತು 16,627 ಪ್ಲಾಟಿನಂನ ಪರಮಾಣುಗಳ ಜಾಗವನ್ನು ಒಂದೊಂದಾಗಿ ಗುರುತಿಸಿದರು. ಯಾವ ಕಬ್ಬಿಣ ಪ್ಲಾಟಿನಂನ ಪೀಠದಲ್ಲಿ ಕೂತಿದೆ ಎಂಬುದೂ ಅವರಿಗೆ ಗೊತ್ತಾಯಿತು.